ಹೊಸ ಮಡಿಗೆ ಕಳಿತ ಗೊಬ್ಬರ: ಕೊಟ್ಟಿಗೆ, ಕುರಿ, ಕೋಳಿ, ಎರೆಹುಳು, ಸೊಪ್ಪಿನ ಗೊಬ್ಬರಗಳಲ್ಲಿ ಯಾವುದನ್ನು ಆರಿಸಬೇಕು?

ಮುಂಗಾರಿಗೆ ಮೊದಲು ಹಿತ್ತಲಲ್ಲೋ ಮನೆ ಪಕ್ಕದ ಖಾಲಿ ಜಾಗದಲ್ಲೋ ತರಕಾರಿಗೆಂದು ಹೊಸದಾಗಿ ಮಡಿ ಕಟ್ಟುವವರಿಗೆ ಗೊಬ್ಬರದ ಆಯ್ಕೆಯೇ ಮೊದಲ ಗೊಂದಲ. ನರ್ಸರಿಯವರು ಎರೆಹುಳು ಗೊಬ್ಬರದ ಚೀಲ ತೋರಿಸುತ್ತಾರೆ, ಹಾಲು ಕೊಡುವವರು ತಮ್ಮ ಕೊಟ್ಟಿಗೆಯ ಗೊಬ್ಬರ ಒಯ್ಯಿರಿ ಎನ್ನುತ್ತಾರೆ, ಕೋಳಿ ಫಾರಂನಿಂದ ಲೋಡು ತರಿಸಿದವರು ಅದರಷ್ಟು ಬಲವಾದದ್ದು ಬೇರೆ ಇಲ್ಲವೆನ್ನುತ್ತಾರೆ. ಇವರಲ್ಲಿ ಯಾರ ಮಾತೂ ಸುಳ್ಳಲ್ಲ. ಆದರೆ ಹೊಸ ಮಡಿಯ ಮಣ್ಣಿಗೆ ಬೇಕಾದದ್ದೇನು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳದೆ ಈ ಗೊಬ್ಬರಗಳನ್ನು ಒಂದರ ಪಕ್ಕ ಒಂದಿಟ್ಟು ಅಳೆಯಲು ಬರುವುದಿಲ್ಲ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಯಾವ ಪ್ರಾಣಿಯ ಗೊಬ್ಬರ ಎನ್ನುವುದಕ್ಕಿಂತ ಅದು ಎಷ್ಟು ಕಳಿತಿದೆ ಎನ್ನುವುದೇ ಹೊಸ ಮಡಿಯ ಮಟ್ಟಿಗೆ ದೊಡ್ಡ ಪ್ರಶ್ನೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಿಗುವ ಕಡೆ ಅದನ್ನೇ ಬುನಾದಿಯಾಗಿಟ್ಟುಕೊಂಡು, ಉಳಿದವುಗಳನ್ನು ಅದರ ಜೊತೆಗೆ ಮಣ್ಣಿಗೂ ಬೆಳೆಗೂ ತಕ್ಕಂತೆ ಸೇರಿಸುವುದು ಹೆಚ್ಚಿನವರಿಗೆ ಸರಿಹೋಗುವ ದಾರಿ.

ಹೊಸ ಮಡಿ ಕೇಳುವುದೇನು?

ಹತ್ತಾರು ವರ್ಷ ಬೆಳೆ ಕಂಡ ಹಿತ್ತಲ ಮಣ್ಣಿಗೂ ಇಂದು ಅಗೆದ ಜಾಗದ ಮಣ್ಣಿಗೂ ಬಹಳ ಅಂತರವಿದೆ. ಮನೆ ಕಟ್ಟಿದ ನಿವೇಶನದಲ್ಲಿ ಮೇಲ್ಮಣ್ಣು ಎಂಬುದು ಹೆಚ್ಚಾಗಿ ಉಳಿದಿರುವುದಿಲ್ಲ. ಪಾಯ ತೆಗೆದಾಗ ಮೇಲೆ ಬಂದ ಕೆಳಮಣ್ಣು, ಅದರಲ್ಲಿ ಸೇರಿದ ಜಲ್ಲಿ ಮತ್ತು ಸಿಮೆಂಟಿನ ಚೂರು, ಲಾರಿ ಓಡಾಡಿ ಗಟ್ಟಿಯಾದ ನೆಲ ಇಷ್ಟೇ ಇರುತ್ತದೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೂ, ಶೇ 0.75ಕ್ಕಿಂತ ಹೆಚ್ಚಿದ್ದರೆ ಸಮೃದ್ಧವೆಂದೂ ಲೆಕ್ಕ. ಇಂಥ ಜಾಗದ ಮಣ್ಣು ಸಾಮಾನ್ಯವಾಗಿ ಮೊದಲ ಗುಂಪಿಗೇ ಸೇರುತ್ತದೆ. ನೀರು ಹಾಕಿದರೆ ಮೇಲೆ ನಿಂತು, ಒಣಗಿದಾಗ ಹೆಪ್ಪುಗಟ್ಟುವ ಆ ಮಣ್ಣಿಗೆ ಬೇಕಾದದ್ದು ಪೋಷಕಾಂಶಕ್ಕಿಂತ ಹೆಚ್ಚಾಗಿ ಮೈ: ಕಣಗಳನ್ನು ಹಿಡಿದು ಕಾಳುಕಾಳಾಗಿಸುವ, ನೀರನ್ನು ಹೀರಿ ನಿಧಾನವಾಗಿ ಬಿಡುವ, ಎರೆಹುಳುವಿಗೂ ಸೂಕ್ಷ್ಮಜೀವಿಗಳಿಗೂ ಆಹಾರವಾಗುವ ಸಾವಯವ ವಸ್ತು ಅದಕ್ಕೆ ಸಾಕಷ್ಟು ಪ್ರಮಾಣದಲ್ಲಿ ಸೇರಬೇಕು.

ಸಣ್ಣ ಲೆಕ್ಕವೊಂದರಲ್ಲಿ ಇದು ಸ್ಪಷ್ಟವಾಗುತ್ತದೆ. ತರಕಾರಿ ಬೆಳೆಗಳಿಗೆ ಸಾಮಾನ್ಯವಾಗಿ ಶಿಫಾರಸು ಮಾಡುವ ಕೊಟ್ಟಿಗೆ ಗೊಬ್ಬರದ ಪ್ರಮಾಣ ಹೆಕ್ಟೇರಿಗೆ 25 ಟನ್; ಅಂದರೆ ಎಕರೆಗೆ 10 ಟನ್, ಗುಂಟೆಗೆ ಸುಮಾರು 250 ಕಿಲೊ, ಚದರ ಮೀಟರಿಗೆ ಎರಡೂವರೆ ಕಿಲೊ. ಸಾರವಿಲ್ಲದ ಹೊಸ ಜಾಗಕ್ಕೆ ಮೊದಲ ವರ್ಷ ಇದರ ಎರಡರಷ್ಟು ಹಾಕುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ. 1.2 ಮೀಟರ್ ಅಗಲ, 3 ಮೀಟರ್ ಉದ್ದದ ಮಡಿಗೆ ಆಗ 18 ಕಿಲೊ ಬೇಕು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 0.5, ಹಾಗಾಗಿ 18 ಕಿಲೊದಲ್ಲಿರುವುದು 90 ಗ್ರಾಂ, ಅದರಲ್ಲೂ ಮೊದಲ ಬೆಳೆಗೆ ದಕ್ಕುವುದು ಶೇ 30ರಷ್ಟು, ಅಂದರೆ 27 ಗ್ರಾಂ. ಕೋಳಿ ಗೊಬ್ಬರದಲ್ಲಿ ಸಾರಜನಕ ಶೇ 3ರ ಆಸುಪಾಸಿನಲ್ಲಿದ್ದು ಅದರ ಅರ್ಧದಷ್ಟು ಮೊದಲ ಬೆಳೆಗೇ ಸಿಗುತ್ತದೆಂದು ಇಟ್ಟುಕೊಂಡರೆ, ಅದೇ 27 ಗ್ರಾಂಗೆ ಎರಡು ಕಿಲೊಗಿಂತ ಕಡಿಮೆ ಗೊಬ್ಬರ ಸಾಕು. ಬೆಳೆಗೆ ಸಿಗುವ ಸಾರಜನಕ ಎರಡರಲ್ಲೂ ಒಂದೇ. ಮಣ್ಣಿಗೆ ಸೇರುವ ಮೈ ಮಾತ್ರ ಹತ್ತರಲ್ಲಿ ಒಂದು ಪಾಲು. ಹಳೆಯ, ಮೃದುವಾದ ಮಡಿಗೆ ಕೋಳಿ ಗೊಬ್ಬರದ ಈ ಬಲ ಅನುಕೂಲವಾಗಬಹುದು. ಹೊಸ ಮಡಿಯಲ್ಲಿ ಬಲವೊಂದನ್ನೇ ನೋಡಿ ಆರಿಸಿದರೆ ಮಣ್ಣು ಮೊದಲು ಇದ್ದಂತೆಯೇ ಉಳಿಯುತ್ತದೆ.

ಕಳಿತದ್ದು ಎಂದು ಹೇಗೆ ತಿಳಿಯುವುದು?

ಮಾರುವವರು "ಒಂದು ವರ್ಷ ಹಳೆಯದು" ಎಂದು ಹೇಳುವುದನ್ನು ಎಲ್ಲರೂ ಕೇಳಿರುತ್ತೇವೆ. ಆದರೆ ಹಳೆಯದಾದದ್ದೆಲ್ಲ ಕಳಿತಿರುವುದಿಲ್ಲ. ಗೊಬ್ಬರ ಕಳಿಯಲು ತೇವ ಬೇಕು. ಬಯಲು ಸೀಮೆಯ ಬಿಸಿಲಿನಲ್ಲಿ ಬಿದ್ದಿರುವ ತಿಪ್ಪೆಯ ಮೇಲಿನ ಅಡಿಯಷ್ಟು ಭಾಗ ವರ್ಷವಾದರೂ ಒಣಗಿ ಹಗುರಾಗಿರುತ್ತದೆಯೇ ಹೊರತು ಕೊಳೆತಿರುವುದಿಲ್ಲ, ಅದರ ಸಾರಜನಕ ಮಾತ್ರ ಗಾಳಿಗೆ ಹೋಗಿರುತ್ತದೆ. ಮಲೆನಾಡು ಕರಾವಳಿಯಲ್ಲಿ ಇದಕ್ಕೆ ತದ್ವಿರುದ್ಧ: ಮುಚ್ಚಿಗೆಯಿಲ್ಲದ ಗುಂಡಿಯ ಗೊಬ್ಬರ ಮಳೆಗಾಲವಿಡೀ ನೀರಲ್ಲಿ ನಿಂತು, ಗಾಳಿಯಾಡದೆ ಕೊಳೆತು ನಾರುತ್ತದೆ, ಕರಗುವ ಪೊಟ್ಯಾಷ್ ಕೆಳಕ್ಕಿಳಿದು ಹೋಗುತ್ತದೆ.

ತಿಪ್ಪೆಯ ಪಕ್ಕಕ್ಕೆ ಸಲಿಕೆ ಹಾಕಿ ಗೋಡೆ ಕಡಿದಂತೆ ನೇರವಾಗಿ ಕಡಿದು ನೋಡಬೇಕು. ಮೇಲಿನ ಪದರದಲ್ಲಿ ಹುಲ್ಲಿನ ಎಳೆ, ರಾಗಿ ಕಡ್ಡಿ, ಸೊಪ್ಪಿನ ದಂಟು ಇವುಗಳ ಗುರುತು ಹಾಗೆಯೇ ಇರುತ್ತದೆ, ಸಗಣಿಯ ಹೆಂಟೆಗಳು ಒಡೆದಾಗ ಒಳಗೆ ಇನ್ನೂ ಹಸಿರುಗಂದು. ಕೆಳಗಿಳಿದಂತೆ ಬಣ್ಣ ಕಡುಗಂದಿಗೆ ತಿರುಗುತ್ತದೆ, ಬಿಳಿಯ ಬೂದಿಯಂಥ ಪಟ್ಟಿಯೊಂದು ಕಾಣಿಸಬಹುದು. ಅದು ಒಮ್ಮೆ ಕಾವು ಏರಿದ್ದರ ಗುರುತು. ಅದಕ್ಕೂ ಕೆಳಗೆ ಯಾವುದು ಹುಲ್ಲು ಯಾವುದು ಸಗಣಿ ಎಂದು ಬೇರ್ಪಡಿಸಲಾಗದ, ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಿ ಬೆರಳು ತಾಗಿದರೆ ಉದುರುವ, ಕೈಗೆ ಅಂಟದ ಪದರವಿದ್ದರೆ ನಮಗೆ ಬೇಕಾದದ್ದು ಅದೇ. ವಾಸನೆ ಮಣ್ಣಿನದಾಗಿರಬೇಕು. ಮೂಗಿಗೆ ಚುರ್ ಎನ್ನುವ ಗಂಜಲದ ವಾಸನೆ ಬಂದರೆ ಅಮೋನಿಯ ಇನ್ನೂ ಹೊರಡುತ್ತಿದೆ ಎಂದರ್ಥ. ಲೋಡು ತರಿಸುವವರು ಮೇಲಿನದನ್ನು ನೋಡಿ ಬೆಲೆ ಮಾತಾಡುವುದಕ್ಕಿಂತ ಹೀಗೆ ಒಂದು ಕಡೆ ಕಡಿಸಿ ನೋಡುವುದು ಮೇಲು.

ಚೀಲದಲ್ಲಿ ಬಂದ ಗೊಬ್ಬರವಾದರೆ ಎರಡು ಪರೀಕ್ಷೆ ಸಾಕು. ಎರಡು ಹಿಡಿ ಗೊಬ್ಬರಕ್ಕೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ನೆರಳಲ್ಲಿ ಮೂರು ದಿನ ಇಟ್ಟು ಬಿಚ್ಚಿದಾಗ ಅಮೋನಿಯದ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಕಳಿತಿಲ್ಲ. ಇನ್ನೊಂದು, ಗೊಬ್ಬರ ಮತ್ತು ಮಣ್ಣು ಸಮಸಮ ಬೆರೆಸಿದ ಕುಂಡದಲ್ಲೂ ಬರೀ ಮಣ್ಣಿನ ಕುಂಡದಲ್ಲೂ ತಲಾ 20 ಮೂಲಂಗಿ ಅಥವಾ ಸಾಸಿವೆ ಬೀಜ ಹಾಕಿ ಒಂದು ವಾರ ನೋಡುವುದು. ಗೊಬ್ಬರದ ಕುಂಡದಲ್ಲಿ ಮೊಳಕೆ ಕಡಿಮೆಯಾದರೆ, ಬೇರಿನ ತುದಿ ಕಂದಾದರೆ ಅಥವಾ ಎರಡೆಲೆಯ ಸಸಿ ಹಳದಿಗೆ ತಿರುಗಿದರೆ ಇನ್ನೂ ಕಾಯಬೇಕು. ಹೆಸರು, ಅಲಸಂದೆಯಂಥ ದಪ್ಪ ಕಾಳು ಈ ಪರೀಕ್ಷೆಗೆ ಬೇಡ. ಅವು ತಮ್ಮೊಳಗಿನ ಆಹಾರದಿಂದಲೇ ಕೆಲವು ದಿನ ಚೆನ್ನಾಗಿ ಕಾಣಿಸಿಕೊಳ್ಳುತ್ತವೆ.

ಕಳಿಯದ ಗೊಬ್ಬರದ ತೊಂದರೆ ಒಂದೇ ಬಗೆಯದಲ್ಲ. ಹುಲ್ಲು, ಸೊಪ್ಪು ಬೆರೆತ ಹಸಿ ಗೊಬ್ಬರದಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುವುದರಿಂದ, ಗೊಬ್ಬರ ಹಾಕಿಯೂ ಸಸಿ ಹಸಿವಿನಿಂದ ಹಳದಿಯಾಗುತ್ತದೆ. ಕಳಿತ ಗೊಬ್ಬರದಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 20 ಪಾಲು ಅಥವಾ ಅದಕ್ಕಿಂತ ಕಡಿಮೆಗೆ ಇಳಿದಿರುತ್ತದೆ. ಹಸಿ ಸಗಣಿ ಗೆದ್ದಲನ್ನು ಕರೆಯುತ್ತದೆ, ಅಮೋನಿಯ ಎಳೆ ಬೇರನ್ನು ಸುಡುತ್ತದೆ, ಹಸು ತಿಂದ ಹುಲ್ಲಿನ ಬೀಜಗಳಲ್ಲಿ ಎಷ್ಟೋ ಜೀವಂತವಾಗಿಯೇ ಹೊರಬಂದಿರುತ್ತವೆ. ರೋಗಾಣುಗಳ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಕೊತ್ತಂಬರಿ, ಕ್ಯಾರೆಟ್, ಮೂಲಂಗಿ, ಸೌತೆ ಇವನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ. ಅಮೆರಿಕದ ಸಾವಯವ ಕೃಷಿ ನಿಯಮದಂತೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನ, ತಾಗದ ಬೆಳೆಯಾದರೆ 90 ದಿನ ಅಂತರವಿರಬೇಕು. ಕೊತ್ತಂಬರಿಯ ಆಯಸ್ಸೇ ಅದರ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಸೊಪ್ಪಿನ ಮಡಿಗೆ ಹಸಿ ಗೊಬ್ಬರ ಎಂದೂ ಸಲ್ಲದು.

ಗೊಬ್ಬರದಲ್ಲಿ ದಪ್ಪನೆಯ ಬಿಳಿ ಹುಳು ಕಂಡಾಗ ಎಲ್ಲವನ್ನೂ ಒಂದೇ ಎಂದು ತಿಳಿಯುವುದುಂಟು. ಅಂಗೈ ಮೇಲೆ ಅಥವಾ ಸಮತಟ್ಟಾದ ಕಲ್ಲಿನ ಮೇಲೆ ಬಿಟ್ಟಾಗ ಬೆನ್ನ ಮೇಲೆ ಮಲಗಿ, ಕಾಲು ಮೇಲಕ್ಕೆ ಮಾಡಿಕೊಂಡೇ ಹರಿದು ಹೋಗುವ ಮರಿಹುಳು ಹೂದುಂಬಿಯ ಜಾತಿಯದು. ಅದು ಕೊಳೆಯುವ ವಸ್ತುವನ್ನೇ ತಿನ್ನುವುದರಿಂದ ಬೆಳೆಗೆ ತೊಂದರೆಯಿಲ್ಲ. ಇಂಗ್ಲಿಷ್ ಸಿ ಅಕ್ಷರದಂತೆ ಸುರುಳಿಯಾಗಿ ಪಕ್ಕಕ್ಕೆ ಒರಗಿ ಬೀಳುವುದು ಬೇರು ತಿನ್ನುವ ಗೊಣ್ಣೆಹುಳುವಾಗಿರಬಹುದು, ಹೆಬ್ಬೆರಳ ಗಾತ್ರದ್ದಾದರೆ ತೆಂಗಿನ ಸುಳಿ ಕೊರೆಯುವ ರೈನೋಸಿರಸ್ ದುಂಬಿಯ ಮರಿಯಾಗಿರಬಹುದು. ಮನೆಯ ಬಳಿ ತೆಂಗಿನ ಮರವಿರುವವರು ಈ ರೈನೋಸಿರಸ್ ದುಂಬಿಯ ಮರಿಯನ್ನು ಆರಿಸಿ ತೆಗೆದು ನಾಶಮಾಡಲೇಬೇಕು, ಏಕೆಂದರೆ ಆ ದುಂಬಿ ಮೊಟ್ಟೆಯಿಡುವ ಮುಖ್ಯ ಜಾಗ ಗೊಬ್ಬರದ ಗುಂಡಿಯೇ.

ಕೊಟ್ಟಿಗೆ ಗೊಬ್ಬರ

ಹೊಸ ಮಡಿಗೆ ನನ್ನ ಮೊದಲ ಆಯ್ಕೆ ಇದು. ಶೇ 0.5 ಸಾರಜನಕ, ಶೇ 0.2ರಷ್ಟು ರಂಜಕ, ಶೇ 0.5 ಪೊಟ್ಯಾಷ್ ಎಂಬ ಅಂಕಿಗಳು ಕಾಗದದ ಮೇಲೆ ಬಡವಾಗಿ ಕಂಡರೂ, ಸಸಿಯನ್ನು ಸುಡದೆ ಧಾರಾಳವಾಗಿ ಹಾಕಬಹುದಾದ ಗೊಬ್ಬರ ಇದು. ಆ ಧಾರಾಳವೇ ಹೊಸ ಮಣ್ಣಿಗೆ ಬೇಕಾದದ್ದು. ನಾಟಿ ಹಸುವಿನದೋ ಸೀಮೆ ಹಸುವಿನದೋ ಎಂಬ ಚರ್ಚೆಗಿಂತ ಆ ಕೊಟ್ಟಿಗೆಯ ನೆಲವನ್ನೂ ಹಾಸನ್ನೂ ವಿಚಾರಿಸುವುದು ಹೆಚ್ಚು ಫಲ ಕೊಡುತ್ತದೆ. ಹಸುವಿನ ಮೈಯಿಂದ ಹೊರಬರುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ, ಪೊಟ್ಯಾಷ್‌ನ ಬಹುಪಾಲು ಗಂಜಲದಲ್ಲಿರುತ್ತದೆ. ಸಿಮೆಂಟ್ ನೆಲವನ್ನು ದಿನಾ ಪೈಪಿನ ನೀರಲ್ಲಿ ತೊಳೆದು ಚರಂಡಿಗೆ ಬಿಡುವ ಡೈರಿಯ ಗೊಬ್ಬರ ಬರೀ ಸಗಣಿ. ಹುಲ್ಲು, ಸೊಪ್ಪು ಅಥವಾ ತರಗೆಲೆ ಹಾಸಿ ಗಂಜಲವನ್ನು ಅದರಲ್ಲೇ ಹೀರಿಸುವ ಕೊಟ್ಟಿಗೆಯ ಗೊಬ್ಬರದಲ್ಲಿ ಸಗಣಿ, ಗಂಜಲ, ಹಾಸು ಮೂರೂ ಸೇರಿರುತ್ತವೆ. ಎರಡನ್ನೂ ಒಂದೇ ಬೆಲೆಗೆ ಕೊಟ್ಟರೆ ಎರಡನೆಯದನ್ನೇ ತರಬೇಕು. ಬರೀ ಸಗಣಿಯ ರಾಶಿ ಗಾಳಿಯಾಡದೆ ಹೆಂಟೆಗಟ್ಟುತ್ತದೆ, ಕಳಿಯಲು ತಡವಾಗುತ್ತದೆ.

ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಹಾಕುತ್ತ ಬಂದು, ತುಂಬಿದ ಮೇಲೆ ಮಣ್ಣು ಮತ್ತು ಸಗಣಿಯಿಂದ ಮೆತ್ತಿ ಮುಚ್ಚಿದರೆ ನಾಲ್ಕೈದು ತಿಂಗಳಲ್ಲಿ ಗೊಬ್ಬರ ಹದಕ್ಕೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರ ಹೊತ್ತಿಗೆ ರೂಪಿಸಿದ, ಜಗತ್ತಿನಾದ್ಯಂತ ಬೆಂಗಳೂರು ವಿಧಾನವೆಂದೇ ಹೆಸರಾದ ಪದ್ಧತಿಯ ಮರ್ಮವೂ ಮೆತ್ತಿ ಮುಚ್ಚುವುದೇ. ಮಗುಚುವ ಶ್ರಮವಿಲ್ಲದೆ ತೇವ, ಸಾರಜನಕ ಎರಡೂ ಉಳಿಯುತ್ತವೆ. ಬದಲಿಗೆ ಆ ಪದ್ಧತಿಯಲ್ಲಿ ಆರರಿಂದ ಎಂಟು ತಿಂಗಳು ಕಾಯಬೇಕಾಗುತ್ತದೆ. ಬೇಗ ಬೇಕೆನ್ನುವವರು ನೆಲದ ಮೇಲೆ ರಾಶಿ ಮಾಡಿ ಎರಡು ವಾರಕ್ಕೊಮ್ಮೆ ಮಗುಚುತ್ತ ತೇವ ಕಾಯ್ದುಕೊಂಡರೆ ಕಾವು 55 ಡಿಗ್ರಿ ಸೆಲ್ಸಿಯಸ್ ದಾಟಿ ಕಳೆಬೀಜವೂ ರೋಗಾಣುವೂ ಬಹುಮಟ್ಟಿಗೆ ಸಾಯುತ್ತವೆ. ನಗರದ ಮನೆಯಲ್ಲಿ ಸಣ್ಣ ರಾಶಿ ಮಾಡುವವರು ಗಮನಿಸಬೇಕಾದದ್ದೆಂದರೆ, ಎಲ್ಲ ಕಡೆಯಿಂದಲೂ ಒಂದು ಮೀಟರಿಗಿಂತ ಕಡಿಮೆಯಿರುವ ರಾಶಿಗೆ ಈ ಕಾವು ನಿಲ್ಲುವುದು ಕಷ್ಟ.

ಕುರಿ, ಮೇಕೆ ಗೊಬ್ಬರ

ಒಣಗಿದ ಕುರಿ ಹಿಕ್ಕೆಯಲ್ಲಿ ಸಾರಜನಕ ಶೇ 3, ರಂಜಕ ಶೇ 1, ಪೊಟ್ಯಾಷ್ ಶೇ 2ರಷ್ಟಿರುತ್ತದೆ. ಬಲದಲ್ಲಿ ಕೊಟ್ಟಿಗೆ ಗೊಬ್ಬರವನ್ನು ಮೀರಿಸುತ್ತದೆ, ಮೈ ಕೊಡುವುದರಲ್ಲಿ ಕೋಳಿ ಗೊಬ್ಬರಕ್ಕಿಂತ ಮುಂದಿರುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆಹೊಲಗಳಲ್ಲಿ (ಕಪ್ಪು ಮಣ್ಣಿನ ಹೊಲಗಳಲ್ಲಿ) ಬಿತ್ತನೆಗೆ ಮೊದಲು ಕುರಿಮಂದೆಯನ್ನು ರಾತ್ರಿಯಿಡೀ ತರುಬಿಸಿ, ಕುರುಬರಿಗೆ ಕಾಳೋ ಹಣವೋ ಕೊಡುವ ರೂಢಿ ಇಂದಿಗೂ ನಡೆದಿರುವುದು ಈ ಬಲವನ್ನು ಅರಿತೇ. ಹಿಕ್ಕೆಯೂ ಮೂತ್ರವೂ ನೇರವಾಗಿ ನೆಲಕ್ಕೆ ಸೇರುತ್ತವೆ, ಸಾಗಾಟದ ಖರ್ಚಿಲ್ಲ. ಹೊಲಕ್ಕೆ ಸರಿಯಾದ ಈ ರೂಢಿ ಕೈತೋಟದ ಮಡಿಗೆ ಹಾಗೆಯೇ ಸಲ್ಲುವುದಿಲ್ಲ. ಹೊಲದಲ್ಲಿ ಮಂದೆ ಎದ್ದು ಹೋಗಿ ಮಳೆ ಬಿದ್ದು, ಹರಗಿ, ಬಿತ್ತುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ.

ಹಿಕ್ಕೆಯ ಮೇಲ್ಪದರ ಗಟ್ಟಿ. ಹಾಗೆಯೇ ಮಡಿಗೆ ಹಾಕಿದರೆ ಮೂರು ತಿಂಗಳಾದರೂ ಗುಂಡುಗುಂಡಾಗಿಯೇ ಮಣ್ಣಲ್ಲಿ ಸಿಗುತ್ತದೆ. ಗೋಣಿಚೀಲದಲ್ಲಿ ಹಾಕಿ ದೊಣ್ಣೆಯಿಂದ ಬಡಿದು ಪುಡಿಮಾಡಿ, ನೀರು ಚಿಮುಕಿಸಿ, ಒಣ ಎಲೆಯ ಜೊತೆ ಪದರಪದರವಾಗಿ ಮೂರು ತಿಂಗಳು ಕಳಿಯಿಸಿದರೆ ಬಹಳ ಒಳ್ಳೆಯ ಗೊಬ್ಬರ. ಒಂದು ಎಚ್ಚರಿಕೆ ಮಾತ್ರ ಮರೆಯಬಾರದು: ಬಯಲು ಸೀಮೆಯ ಕುರಿ ಮೇಕೆಗಳು ಬಳ್ಳಾರಿ ಜಾಲಿಯ ಕಾಯಿಯನ್ನು ಇಷ್ಟಪಟ್ಟು ತಿನ್ನುತ್ತವೆ, ಅದರ ಗಟ್ಟಿ ಬೀಜ ಹೊಟ್ಟೆಯಲ್ಲಿ ಅರಗದೆ ಹಿಕ್ಕೆಯ ಜೊತೆ ಹೊರಬಂದು ಮೊಳೆಯಲು ಇನ್ನಷ್ಟು ಸಿದ್ಧವಾಗಿರುತ್ತದೆ. ಕಳಿಯದ ಗೊಬ್ಬರ ಹಾಕಿದ ಮಡಿಯಲ್ಲಿ ಟೊಮೆಟೊ ಸಸಿಯ ಪಕ್ಕ ಮುಳ್ಳಿನ ಜಾಲಿ ಎದ್ದರೆ ಆಶ್ಚರ್ಯಪಡಬೇಕಿಲ್ಲ. ಎಳೆಯದಿರುವಾಗಲೇ ಬೇರು ಸಮೇತ ಕೀಳಬೇಕು. ಕೊಟ್ಟಿಗೆ ಗೊಬ್ಬರ ಎರಡು ಪಾಲು, ಕಳಿತ ಕುರಿ ಗೊಬ್ಬರ ಒಂದು ಪಾಲು ಬೆರೆಸಿದರೆ ಬದನೆ, ಮೆಣಸಿನಕಾಯಿಯಂಥ ದೀರ್ಘ ಕಾಲ ನಿಲ್ಲುವ ಬೆಳೆಗೆ ಹೇಳಿಮಾಡಿಸಿದಂತಿರುತ್ತದೆ.

ಕೋಳಿ ಗೊಬ್ಬರ

ಕೋಳಿ ಹಿಕ್ಕೆಯಲ್ಲಿ ಸಾರಜನಕದ ಬಹುಭಾಗ ಯೂರಿಕ್ ಆಮ್ಲದ ರೂಪದಲ್ಲಿದ್ದು, ತೇವ ತಾಗಿದ ಕೂಡಲೆ ಅಮೋನಿಯವಾಗಿ ಹೊರಡುತ್ತದೆ. ಅದರ ಬಲವೂ ಅಪಾಯವೂ ಇದರಿಂದಲೇ ಬಂದಿವೆ. ಬ್ರಾಯ್ಲರ್ ಶೆಡ್ಡಿನಿಂದ ಬರುವುದರಲ್ಲಿ ಹಾಸಿದ ಭತ್ತದ ಹೊಟ್ಟು ಬೆರೆತಿರುವುದರಿಂದ ಅದು ಸ್ವಲ್ಪ ಸೌಮ್ಯ. ಮೊಟ್ಟೆಕೋಳಿಯ ಪಂಜರದ ಕೆಳಗಿನದು ಬರೀ ಹಿಕ್ಕೆ, ಜೊತೆಗೆ ಮೊಟ್ಟೆಯ ಚಿಪ್ಪಿಗೆಂದು ಮೇವಿನಲ್ಲಿ ಕೊಟ್ಟ ಸುಣ್ಣದ ಅಂಶವೂ ಅದರಲ್ಲಿ ಹೆಚ್ಚು. ಮೊದಲೇ ಕ್ಷಾರವಾಗಿರುವ ಎರೆಮಣ್ಣಿಗೆ ಈ ಎರಡನೆಯದನ್ನು ವರ್ಷವರ್ಷ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಲವಣಾಂಶವೂ ಇರುವುದರಿಂದ ಬೋರ್‌ವೆಲ್ಲಿನ ಗಡಸು ನೀರು ಹಾಯಿಸುವ ಕಡೆ ಎಲೆಯಂಚು ಸುಟ್ಟಂತೆ ಕಾಣುವ ಸಂಭವವಿದೆ.

ಹೊಸ ಮಡಿಗೆ ಇದನ್ನು ಒಂದೇ ಗೊಬ್ಬರವಾಗಿ ಬಳಸಬಾರದೆಂದು ಖಚಿತವಾಗಿ ಹೇಳುತ್ತೇನೆ. ಇದರ ನಿಜವಾದ ಉಪಯೋಗ ಬೇರೆಯೇ ಇದೆ: ಒಣ ಎಲೆ, ಅಡಿಕೆ ಸಿಪ್ಪೆ, ಕಬ್ಬಿನ ರವದಿಯಂತಹ ಇಂಗಾಲವೇ ತುಂಬಿದ, ತಾನಾಗಿ ಬೇಗ ಕೊಳೆಯದ ವಸ್ತುವಿನ ರಾಶಿಗೆ ಐದರಲ್ಲೊಂದು ಪಾಲು ಕೋಳಿ ಗೊಬ್ಬರ ಬೆರೆಸಿದರೆ ರಾಶಿ ಬೇಗ ಕಾವೇರಿ, ಮೂರು ನಾಲ್ಕು ತಿಂಗಳಲ್ಲಿ ಹದವಾಗುತ್ತದೆ. ಹಾಗೆ ಬಂದದ್ದನ್ನು ಕೊಟ್ಟಿಗೆ ಗೊಬ್ಬರದಂತೆಯೇ ಬಳಸಬಹುದು. ಹಸಿಯಾಗಿ ಹಾಕಿದ ಕಡೆ ಗಿಡ ಕಡುಹಸಿರಾಗಿ ಎಳಸಾಗಿ ಬೆಳೆದು, ಸಸ್ಯಹೇನು ಮುತ್ತಿಕೊಂಡು, ಹೂವು ಕಾಯಿ ಹಿಂದೆ ಬೀಳುತ್ತವೆ.

ಎರೆಹುಳು ಗೊಬ್ಬರ

ಮಾರಾಟದ ಎರೆಹುಳು ಗೊಬ್ಬರದಲ್ಲಿ ಕನಿಷ್ಠ ಶೇ 1 ಸಾರಜನಕವಿರಬೇಕೆಂಬುದು ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡ. ಗುಣದಲ್ಲಿ ಇದಕ್ಕೆ ಕೊರತೆಯಿಲ್ಲ, ಎಳೆಸಸಿಗೆ ಇದರಷ್ಟು ಹಿತವಾದದ್ದು ಕಡಿಮೆ. ಅಡ್ಡಿಯಿರುವುದು ಬೆಲೆಯಲ್ಲಿ, 18 ಕಿಲೊ ಕೇಳುವ ಮಡಿಗಳು ನಾಲ್ಕಾರಾದರೆ ಪೂರ್ತಿ ಎರೆಹುಳು ಗೊಬ್ಬರದಿಂದಲೇ ತುಂಬುವುದು ದುಬಾರಿ, ಅಗತ್ಯವೂ ಇಲ್ಲ. ಬುನಾದಿಗೆ ಕೊಟ್ಟಿಗೆ ಗೊಬ್ಬರ ಹಾಕಿ, ಬೀಜ ಬಿತ್ತುವ ಸಾಲಿಗೆ ಅಥವಾ ಸಸಿ ನೆಡುವ ಗುಣಿಗೆ ಒಂದೊಂದು ಹಿಡಿ ಎರೆಹುಳು ಗೊಬ್ಬರ ಕೊಡುವುದು ಜಾಣತನ. ಎರೆತೊಟ್ಟಿಯಲ್ಲಿ ಕಾವು ಏರಲು ಬಿಡುವುದಿಲ್ಲ, ಏರಿದರೆ ಹುಳು ಸಾಯುತ್ತದೆ. ಆದ್ದರಿಂದ ತೊಟ್ಟಿಗೆ ಹಾಕುವ ಮೊದಲು ಸಗಣಿಯನ್ನು ಎರಡು ಮೂರು ವಾರ ಅರೆಕಳಿಯಿಸದೆ ಮಾಡಿದ ಗೊಬ್ಬರದಲ್ಲಿ ಕಳೆಬೀಜ ಉಳಿದಿರುತ್ತದೆ. ಕೊಂಡ ಚೀಲದ ಬಗ್ಗೆ ಸಂಶಯವಿದ್ದರೆ ಗಾಜಿನ ಲೋಟದ ನೀರಿಗೆ ಎರಡು ಚಮಚ ಹಾಕಿ ಕಲಕಿ ಬಿಡಬೇಕು. ತಳದಲ್ಲಿ ಮರಳಿನ ಪದರ ನಿಂತರೂ, ಮೇಲೆ ತೆಂಗಿನ ನಾರಿನ ಪುಡಿ ದಪ್ಪವಾಗಿ ತೇಲಿದರೂ ಆ ಚೀಲ ಮತ್ತೆ ತರುವುದು ಬೇಡ.

ಸೊಪ್ಪಿನ ಗೊಬ್ಬರ ಮತ್ತು ಉಳಿದವು

ಉತ್ತರ ಕನ್ನಡ, ಶಿವಮೊಗ್ಗದ ಅಡಿಕೆ ಸೀಮೆಯಲ್ಲಿ ಸೊಪ್ಪಿನ ಬೆಟ್ಟದಿಂದ ತಂದ ಹಸಿಸೊಪ್ಪು ಮತ್ತು ದರಕನ್ನು (ಉದುರಿದ ಒಣ ಎಲೆಯನ್ನು) ಕೊಟ್ಟಿಗೆಗೆ ಹಾಸಿ, ದನ ತುಳಿದು ಗಂಜಲ ಕುಡಿದದ್ದನ್ನು ಗುಂಡಿಗೆ ಹಾಕಿ ಮಾಡುವ ಗೊಬ್ಬರ ಹೊಸ ಮಡಿಗೆ ಅತ್ಯುತ್ತಮ. ಅದು ಸಿಗುವ ಕಡೆ ಬೇರೆ ಹುಡುಕುವುದೇ ಬೇಡ. ದನವಿಲ್ಲದ ಮನೆಯವರು ಬರೀ ಎಲೆಯಿಂದ ಮಾಡುವ ಗೊಬ್ಬರ ಮಣ್ಣಿಗೆ ಮೈ ಕೊಡುತ್ತದೆ, ಪೋಷಕಾಂಶ ಕಡಿಮೆ, ಸಮಯ ಹೆಚ್ಚು. ಗೋಬರ್ ಗ್ಯಾಸ್ ಬಗ್ಗಡ ಮೊದಲೇ ಕೊಳೆತಿರುವುದರಿಂದ ಒಣ ಎಲೆಯ ಮೇಲೆ ಸುರಿದು ಹೀರಿಸಿ ಬಳಸಿದರೆ ಬಹಳ ಒಳ್ಳೆಯದು. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯಿಂದ ಸಿಗುವ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿದಾಗ ಉಳಿಯುವ ಮಡ್ಡಿ) ತಾಜಾ ಇರುವಾಗ ಬಿಸಿಯೇರುತ್ತದೆ, ಕಳಿಯಿಸಿಯೇ ಬಳಸಬೇಕು. ನಗರದ ಕಸದ ಕಾಂಪೋಸ್ಟನ್ನು ಹೂವಿನ ಮಡಿಗೆ ಹಾಕಬಹುದು. ಗಾಜು ಪ್ಲಾಸ್ಟಿಕ್ಕಿನ ಚೂರು ಸೇರಿರುವ ಸಾಧ್ಯತೆಯಿರುವುದರಿಂದ ಕೈ ಹಾಕಿ ಕೆಲಸ ಮಾಡುವ ಸೊಪ್ಪಿನ ಮಡಿಗೆ ನಾನು ಹಾಕುವುದಿಲ್ಲ. ತೆಂಗಿನ ನಾರಿನ ಪುಡಿಯನ್ನು ಗೊಬ್ಬರವೆಂದು ಎಣಿಸಲೇಬಾರದು. ಅದು ನೀರು ಹಿಡಿಯುವ ವಸ್ತು, ಇಂಗಾಲವೇ ತುಂಬಿರುವುದರಿಂದ ಹೆಚ್ಚಾದರೆ ಸಸಿಯ ಸಾರಜನಕವನ್ನೇ ಕಸಿಯುತ್ತದೆ.

ಬ್ರಿಟನ್, ಅಮೆರಿಕದಲ್ಲಿ ನೆಲೆಸಿ ಹಿತ್ತಲಲ್ಲಿ ಅವರೆ, ಮೆಂತ್ಯ ಬೆಳೆಯುವ ಕನ್ನಡಿಗರಿಗೆ ಸುಲಭವಾಗಿ ಸಿಗುವುದು ಕುದುರೆ ಲಾಯದ ಗೊಬ್ಬರ. ಅಲ್ಲಿ ಹುಲ್ಲುಗಾವಲಿಗೆ ಸಿಂಪಡಿಸುವ ಅಮಿನೋಪೈರಲಿಡ್ ಎಂಬ ಕಳೆನಾಶಕ ಹುಲ್ಲಿನಿಂದ ಕುದುರೆಯ ಹೊಟ್ಟೆ ದಾಟಿ, ಗೊಬ್ಬರದಲ್ಲೂ ಉಳಿದು, ಟೊಮೆಟೊ ಮತ್ತು ಅವರೆ ಜಾತಿಯ ಎಲೆಗಳನ್ನು ಮುರುಟಿಸುತ್ತದೆ. ಎಷ್ಟು ಚೆನ್ನಾಗಿ ಕಳಿತರೂ ಇದು ಸುಲಭಕ್ಕೆ ಹೋಗುವುದಿಲ್ಲ. ಆದ್ದರಿಂದ ಅವರು ಮೇಲೆ ಹೇಳಿದ ಕುಂಡದ ಪರೀಕ್ಷೆಯನ್ನು ಸಾಸಿವೆಯಲ್ಲಿ ಮಾಡದೆ ಹುರುಳಿಕಾಯಿ ಬೀಜದಲ್ಲಿ ಮಾಡಿ, ಮೂರು ಜೊತೆ ಎಲೆ ಬರುವವರೆಗೆ ಕಾದು ನೋಡಬೇಕು.

ಮಣ್ಣು ನೋಡಿ, ಬೆಳೆ ನೋಡಿ

ಕೋಲಾರ, ತುಮಕೂರು, ಬೆಂಗಳೂರಿನ ಕೆಂಪು ಮಣ್ಣು ನೀರನ್ನೂ ಸಾರವನ್ನೂ ಹಿಡಿದಿಡುವುದು ಕಡಿಮೆ. ಹಾಕಿದ ಸಾವಯವ ವಸ್ತು ನಮ್ಮ ಬಿಸಿಲಿಗೆ ಬೇಗ ಕರಗಿಯೂ ಹೋಗುತ್ತದೆ. ಇಲ್ಲಿ ಕೊಟ್ಟಿಗೆ ಗೊಬ್ಬರವನ್ನು ಮೊದಲ ವರ್ಷ ಧಾರಾಳವಾಗಿ ಹಾಕಿ, ಆಮೇಲೆ ಪ್ರತಿ ಬೆಳೆಗೂ ಚದರ ಮೀಟರಿಗೆ ಒಂದೆರಡು ಕಿಲೊ ಕೊಡುತ್ತಿರಬೇಕು. ಎರೆಮಣ್ಣು ಸಾರವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ಹುಲ್ಲಿನ ಎಳೆ ತುಸು ಉಳಿದಿರುವ ಒರಟು ಕೊಟ್ಟಿಗೆ ಗೊಬ್ಬರ ಮತ್ತು ಕುರಿ ಗೊಬ್ಬರ ಅದನ್ನು ಸಡಿಲಗೊಳಿಸುತ್ತವೆ, ಮಡಿಯನ್ನು ಏರುಮಡಿಯಾಗಿಯೇ ಕಟ್ಟಬೇಕು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಆಮ್ಲೀಯ, ಮಳೆಗೆ ಪೊಟ್ಯಾಷ್ ಇಳಿದುಹೋಗುವ ಮಣ್ಣು. ಹಟ್ಟಿಗೊಬ್ಬರದ ಜೊತೆ ಒಲೆಯ ಬೂದಿ ಸ್ವಲ್ಪ ಸೇರಿಸುವ ಅಲ್ಲಿನ ಹಳೆಯ ರೂಢಿ ಎರಡೂ ಕೊರತೆಗೆ ಉತ್ತರವಾಗುತ್ತದೆ. ಬೂದಿಯನ್ನು ಗೊಬ್ಬರದ ರಾಶಿಗೆ ಬೆರೆಸದೆ ಮಡಿಗೆ ನೇರವಾಗಿ ಬೇರೆ ದಿನ ಹಾಕಬೇಕು, ಇಲ್ಲವಾದರೆ ಅಮೋನಿಯ ಹಾರಿಹೋಗುತ್ತದೆ. ಮೊದಲೇ ಕ್ಷಾರವಿರುವ ಎರೆಮಣ್ಣಿಗೆ ಬೂದಿ ಬೇಡವೇ ಬೇಡ.

ಬೆಳೆಯ ವಿಷಯ ಬೇಗ ಹೇಳಬಹುದು. ಕುಂಬಳ, ಹೀರೆ, ಸೋರೆ, ಬದನೆ ಗೊಬ್ಬರವನ್ನು ಎಷ್ಟಾದರೂ ಉಣ್ಣುತ್ತವೆ. ಸೊಪ್ಪುಗಳಿಗೆ ಪೂರ್ತಿ ಕಳಿತು ಜರಡಿ ಹಿಡಿದದ್ದೇ ಬೇಕು. ಕ್ಯಾರೆಟ್ ಮತ್ತು ಮೂಲಂಗಿಗೆ ಹೆಂಟೆಯಿರುವ ಗೊಬ್ಬರ ಹಾಕಿದರೆ ಗೆಡ್ಡೆ ಕವಲೊಡೆಯುತ್ತದೆ. ಹೊಸ ಮಡಿಯಲ್ಲಿ ಮೊದಲು ಬೇರೆ ತರಕಾರಿ ಬೆಳೆದು, ಎರಡನೆಯ ಬೆಳೆಯಾಗಿ ಇವನ್ನು ಹಾಕುವುದು ಒಳ್ಳೆಯದು. ಅವರೆ, ಅಲಸಂದೆ, ಹುರುಳಿಕಾಯಿ ತಮ್ಮ ಬೇರುಗಂಟುಗಳಲ್ಲೇ ಸಾರಜನಕ ಕೂಡಿಸಿಕೊಳ್ಳುವುದರಿಂದ ಅರ್ಧ ಪ್ರಮಾಣ ಸಾಕು.

ಮಡಿಗೆ ಸೇರಿಸುವ ಬಗೆ

ನಾಟಿಗೆ ಎರಡು ಮೂರು ವಾರ ಮೊದಲು ಗೊಬ್ಬರವನ್ನು ಹರಡಿ, ಅದೇ ದಿನ ಮೇಲಿನ 15 ಸೆಂಟಿಮೀಟರ್ ಮಣ್ಣಿಗೆ ಬೆರೆಸಿ ನೀರು ಹಾಯಿಸಬೇಕು. ಬೇಸಿಗೆಯಲ್ಲಿ ಗೊಬ್ಬರವನ್ನು ಹೊಲದಲ್ಲಿ ಗುಪ್ಪೆಗುಪ್ಪೆಯಾಗಿ ಸುರಿದು ಮಳೆ ಬರುವವರೆಗೆ ಹಾಗೇ ಬಿಡುವುದನ್ನು ಎಲ್ಲೆಡೆ ಕಾಣುತ್ತೇವೆ. ತಿಂಗಳುಗಟ್ಟಲೆ ಗುಂಡಿಯಲ್ಲಿ ಕಾಪಾಡಿದ ಸಾರಜನಕ ಹೀಗೆ ಕೆಲವೇ ವಾರದ ಬಿಸಿಲಿಗೆ ಹೋಗುವುದು ನಿಜಕ್ಕೂ ನೋವಿನ ಸಂಗತಿ. ಒಂದು ಅಡಿಗಿಂತ ಆಳಕ್ಕೆ ಹೂಳುವುದೂ ಬೇಡ, ಅಲ್ಲಿ ಗಾಳಿ ಕಡಿಮೆ, ತರಕಾರಿಯ ಉಣ್ಣುವ ಬೇರುಗಳೂ ಕಡಿಮೆ. ಸೊರಗು ರೋಗ, ಸಸಿ ಕೊಳೆ ರೋಗದ ಭಯವಿರುವ ಕಡೆ 90 ಕಿಲೊ ಕಳಿತ ಗೊಬ್ಬರ ಮತ್ತು 10 ಕಿಲೊ ಬೇವಿನ ಹಿಂಡಿಗೆ ರೋಗ ತಡೆಯುವ ಶಿಲೀಂಧ್ರವಾದ ಟ್ರೈಕೋಡರ್ಮವನ್ನು ಒಂದು ಕಿಲೊ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಎರಡು ವಾರ ಇಟ್ಟು ಬಳಸಬೇಕು. ಹಸಿ ಗೊಬ್ಬರದಲ್ಲಿ ಈ ಶಿಲೀಂಧ್ರ ನೆಲೆಯೂರುವುದು ಕಷ್ಟ, ಆದ್ದರಿಂದ ಇಲ್ಲಿಯೂ ಕಳಿತದ್ದೇ ಬೇಕು.

ಜಾಗ ಸಿದ್ಧವಾಗಿದ್ದು, ಸಿಕ್ಕ ಗೊಬ್ಬರ ಮಾತ್ರ ಇನ್ನೂ ಹಸಿಯಾಗಿದ್ದರೆ ಆ ವರ್ಷವನ್ನು ಕಳೆದುಕೊಳ್ಳಬೇಕಿಲ್ಲ. ಗೊಬ್ಬರವನ್ನು ಜಾಗದ ಒಂದು ಮೂಲೆಯಲ್ಲಿ ರಾಶಿ ಮಾಡಿ, ತೇವಗೊಳಿಸಿ, ತೆಂಗಿನ ಗರಿಯನ್ನೋ ಹಳೆಯ ಗೋಣಿಯನ್ನೋ ಮುಚ್ಚಿಟ್ಟು, ಮಡಿಯ ಉದ್ದಕ್ಕೂ ಹಸಿರೆಲೆ ಗೊಬ್ಬರಕ್ಕೆಂದು ಬೆಳೆಯುವ ಸೆಣಬು ಅಥವಾ ಡಯಾಂಚ ಬಿತ್ತಬಹುದು. ನಲವತ್ತು ನಲವತ್ತೈದು ದಿನಕ್ಕೆ ಹೂ ಕಾಣಿಸುವ ಹೊತ್ತಿಗೆ ಅದನ್ನು ಕೊಯ್ದು ತುಂಡುಮಾಡಿ ಮಣ್ಣಿಗೆ ಸೇರಿಸಿ ಮೂರು ವಾರ ಕೊಳೆಯಲು ಬಿಟ್ಟರೆ, ಅಷ್ಟರಲ್ಲಿ ಎರಡು ಮೂರು ಬಾರಿ ಮಗುಚಿದ ಮೂಲೆಯ ರಾಶಿಯಿಂದ ಕೆಳಗಿನ ಪದರವನ್ನು ತೆಗೆದು ಜರಡಿ ಹಿಡಿದು ಚೀಲದ ಪರೀಕ್ಷೆ ಮಾಡಬಹುದು. ಅದು ಹದವಾಗಿದ್ದರೆ ಹಿಂಗಾರಿನ ಸಸಿಗೆ ಅದೇ ಗೊಬ್ಬರ, ಆಗದಿದ್ದರೆ ಆ ಸಸಿಗೆ ಗುಣಿಗೊಂದು ಹಿಡಿ ಎರೆಹುಳು ಗೊಬ್ಬರ ಕೊಟ್ಟು, ರಾಶಿಯನ್ನು ಬೇಸಿಗೆಯ ಬೆಳೆಗೆ ಉಳಿಸಿಕೊಳ್ಳಬೇಕು.